ಮೆಂತ್ಯೆ ಬಳಿದ ಬುಟ್ಟಿ

ಹೊಟ್ಟೆಕಿಚ್ಚನ್ನು ಮುಚ್ಚಿಡುವವಳು ನಾನಲ್ಲ. ನನ್ನ ನೆಗೆಣ್ಣಿ ನೇತ್ರಾಳನ್ನು ಕಂಡರೆ ನನಗೆ ಉರಿಯುತ್ತದೆ. ಮೈದುನನನ್ನು ಮದುವೆಯಾಗಿ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿಲ್ಲ, ಆಗಲೇ ಅತ್ತೆ ಬಾಳವ್ವ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವಳಂತೆ. ಹಿತ್ತಲ ಕರಿಬೇವಿಗೆ ಏನೋ ಹಾಕಿದಳಂತೆ, ಅದು ಚಿಗುರಿತಂತೆ. ಹನ್ನೊಂದು ವರ್ಷ ಆ ಗಿಡಕ್ಕೆ ನೀರು ಹೊತ್ತು ಹಾಕಿದವಳು ನಾನು. ಅದನ್ನು ಯಾರೂ ಆಡುವುದಿಲ್ಲ.

ಅದೆಲ್ಲವನ್ನೂ ಹೇಗೋ ನುಂಗಿಕೊಂಡಿದ್ದೆ. ಆದರೆ ಎಳ್ಳ ಅಮವಾಸ್ಯೆಗೆ ಆರು ದಿನ ಇರುವಾಗ ಅತ್ತೆ ಅಟ್ಟದಿಂದ ಚರಗದ ಬುಟ್ಟಿ ಇಳಿಸಿ ಅವಳ ಮುಂದಿಟ್ಟರು.

"ಈ ಸರ್ತಿ ನೀ ಸ್ವಚ್ಛ ಮಾಡವ್ವಾ ನೇತ್ರಾ."

ಅಮವಾಸ್ಯೆಯ ದಿನ ಹೋಳಿಗೆ, ಕಡಬು, ರೊಟ್ಟಿ, ಪಲ್ಯ ತುಂಬಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವ ಬುಟ್ಟಿ ಅದು. ನಮ್ಮ ಮನೆಯಲ್ಲಿ ಅದನ್ನು ಸ್ವಚ್ಛ ಮಾಡಿದವಳೇ ತಲೆಯ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆಯಬೇಕು. ಹನ್ನೊಂದು ವರ್ಷ ನಾನೇ ನಡೆದಿದ್ದೆ. ಅದೊಂದು ದಿನ ಇಡೀ ಓಣಿ ನಿಂತು ನನ್ನನ್ನು ನೋಡುತ್ತಿತ್ತು. ಉಳಿದ ದಿನ ಎಲ್ಲರ ಹಿಂದೆ ದುಡಿಯುವವಳಿಗೆ ಇದ್ದದ್ದು ಅದೊಂದೇ ದಿನ, ಅದನ್ನೂ ಕಿತ್ತು ಅವಳಿಗೆ ಕೊಟ್ಟರಲ್ಲ!

ಅದು ಬಿದಿರಿನ ಬುಟ್ಟಿ. ಸಂದುಗಳು ಮುಚ್ಚಲೆಂದು ಹಳೆ ಕಾಗದವನ್ನೂ ಮೆಂತ್ಯೆಯನ್ನೂ ನೆನೆಸಿ, ರುಬ್ಬಿ ಒಳಗೂ ಹೊರಗೂ ಬಳಿದದ್ದು. ಅದಕ್ಕೆ ನೀರು ಸೋಕಿಸಬಾರದು. ಜಿಡ್ಡಿದ್ದಲ್ಲಿ ಜೋಳದ ಹಿಟ್ಟು ಉದುರಿಸಿ, ಒಣ ಬಟ್ಟೆಯಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದರೆ ಮುಗಿಯಿತು. ನೇತ್ರಾ ಘಟಪ್ರಭಾದ ಪೇಟೆಯಲ್ಲಿ ಬೆಳೆದವಳು, ಅವಳಿಗೆ ಇದೆಲ್ಲ ಎಲ್ಲಿ ಗೊತ್ತು?

ಅತ್ತೆ ಹೊಲಕ್ಕೆ ಹೋದ ಮೇಲೆ ನನ್ನ ಬಳಿ ಬಂದು ಕೇಳಿದಳು. "ಅಕ್ಕಾ, ಬುಟ್ಟಿ ಉಪ್ಪಿನ ನೀರಾಗ ನೆನಿ ಹಾಕ್ರಿ ಅಂತ ಮೊಬೈಲ್‌ನಾಗ ತೋರಿಸಾಕತ್ತಾರ. ಹಾಕಲೇನ್ರಿ?"

ಬೇಡ ಅನ್ನಲು ಎಷ್ಟು ಹೊತ್ತು? ಬಾಯಿಗೆ ಬಂದ ಮಾತನ್ನು ಒಳಗೇ ನುಂಗಿದೆ.

"ನಿನ್ನಷ್ಟ ಕಲತಾಕಿ ನಾನಲ್ಲವ್ವಾ. ನಿನಗ ತಿಳಿದಂಗ ಮಾಡು."

ಹಾಕಿದಳು. ಸಂಜೆಗೆ ಬಳಿದದ್ದೆಲ್ಲ ಗಂಜಿಯಾಗಿ ಕಳಚಿ ಬಂತು. ಬರೀ ಬಿದಿರಿನ ಸೀಳು ಉಳಿದ ಬುಟ್ಟಿ ಹಿಡಿದು ನೇತ್ರಾ ಬೆಪ್ಪಾಗಿ ನಿಂತಿದ್ದಳು. ಸುಳ್ಳೇಕೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊಲದಿಂದ ಬಂದ ಅತ್ತೆ ಮೊದಲು ನನ್ನ ಕಡೆಗೇ ತಿರುಗಿದರು. "ಭಾಗ್ಯಾ, ನೀ ಮನ್ಯಾಗ ಇದ್ದಿ. ನೀರ ಹಾಕಬ್ಯಾಡ ಅಂತ ಹೇಳಾಕ ಬರಲಿಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ನೇತ್ರಾ ಅಂದಳು, "ಅಕ್ಕ ಬ್ಯಾಡ ಅಂದಿದ್ರರಿ ಅತ್ತಿ. ನಾನ ಕೇಳಲಿಲ್ಲ. ತಪ್ಪ ನಂದರಿ."

"ಹೇಳಿದ ಮಾತ ಕೇಳದಾಕಿಗೆ ಬುಟ್ಟಿ ಹೆಂಗ ಕೊಡ್ಲಿ? ನಾಳೆ ಭಾಗ್ಯಾನ ಬಳೀಲಿ, ಭಾಗ್ಯಾನ ಹೊರಲಿ."

ಬೇಕಾದದ್ದು ಕೈಗೆ ಬಂದಿತ್ತು. ಮರುದಿನ ಮೆಂತ್ಯೆ ರುಬ್ಬುತ್ತ, ಕಾಗದ ಹರಿಯುತ್ತಿದ್ದ ಅವಳನ್ನು ಮೆಲ್ಲಗೆ ಕೇಳಿದೆ, "ಯಾಕ ಸುಳ್ಳ ಹೇಳಿದಿ?"

"ಒಂದ ಬುಟ್ಟಿ ಸಲವಾಗಿ ನಿಮಗ ಬೈಗಳ ಯಾಕಂತ್ರಿ. ಇಷ್ಟು ವರ್ಷ ನೀವ ಹೊತ್ತೀರಿ. ಈ ಸರ್ತಿ ನಿಮ್ಮ ಮಾರಿ ಸಣ್ಣದಾಗಿತ್ತು, ನೋಡಿದ್ದೆ."

ಅಬ್ಬಬ್ಬಾ, ಕರುಣೆ! ನನ್ನ ಮೇಲೆ, ಅವಳಿಗೆ! ಓದಿನಲ್ಲಿ ಮುಂದೆ, ಅತ್ತೆಯ ಮನಸ್ಸಿನಲ್ಲಿ ಮುಂದೆ, ಈಗ ಒಳ್ಳೆತನದಲ್ಲೂ ಅವಳೇ ಮುಂದೆ. ಅವಳು ಭಿಕ್ಷೆ ಹಾಕಿದ ಬುಟ್ಟಿಯನ್ನು ನಾನು ಹೊತ್ತು ಮೆರೆಯಬೇಕೇ? ಮೈಯೆಲ್ಲ ಉರಿದುಹೋಯಿತು.

"ಅತ್ತೀ!" ಎಂದು ಕೂಗಿದೆ. ಕಟ್ಟೆಯ ಮೇಲೆ ಕೂತಿದ್ದವರು ಗಾಬರಿಯಾಗಿ ಒಳಗೆ ಬಂದರು. "ಇಕಿ ಸುಳ್ಳ ಹೇಳ್ಯಾಳ್ರಿ. ನಾ ಬ್ಯಾಡ ಅಂದೇ ಇಲ್ಲ. ನೆನಿ ಹಾಕಲೇನು ಅಂತ ಕೇಳಿದ್ಲು, ಕೆಡತೈತಿ ಅಂತ ಗೊತ್ತಿದ್ದೂ ಸುಮ್ನ ಕುಂತೆ. ಇಕಿ ಬುಟ್ಟಿ ಹೊರೋದು ನನಗ ಸಹಿಸಾಕ ಆಗಲಿಲ್ಲ!"

ಅತ್ತೆ ಬುಟ್ಟಿಯನ್ನು ನನ್ನ ಬಳಿಯಿಂದ ಎತ್ತಿ ಅವಳ ಮುಂದಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೇತ್ರಾ, ಕೈ ತೊಳ್ಕೊಂಡ ಬಾ. ನೀನ ಬಳಿ," ಎಂದರು.

ನಾನು ರುಬ್ಬಿದ ಮೆಂತ್ಯೆಯನ್ನು ಅವಳು ಬಳಿದಳು. ಅಮವಾಸ್ಯೆಯ ದಿನ ಇಳಕಲ್ ಸೀರೆ ಉಟ್ಟು, ತಲೆಯ ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಅವಳು ಮುಂದೆ, ನೀರಿನ ಕೊಡ ಹಿಡಿದು ನಾನು ಹಿಂದೆ. ಓಣಿಯವರೆಲ್ಲ ನಿಂತು ಅವಳನ್ನು ನೋಡಿದರು. ಒಬ್ಬರೂ ನನ್ನ ಕಡೆ ಕಣ್ಣು ಹಾಯಿಸಲಿಲ್ಲ.

ಕಾಲುವೆಗೆ ಅಡ್ಡ ಹಾಕಿದ ಕಲ್ಲುಚಪ್ಪಡಿಯ ಮೇಲೆ ಅವಳ ನಡಿಗೆ ತಪ್ಪಿತು. ಬುಟ್ಟಿ ಎಡಕ್ಕೆ ವಾಲುತ್ತಿತ್ತು. ಎಂದೂ ತಲೆ ಮೇಲೆ ಹೊತ್ತವಳಲ್ಲ, ಅವಳಿಗೆ ಅದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಇನ್ನು ಎರಡು ಹೆಜ್ಜೆ ಸುಮ್ಮನಿದ್ದರೆ ಚರಗವೆಲ್ಲ ಕಾಲುವೆ ಪಾಲು, ಮುಂದಿನ ವರ್ಷದಿಂದ ಬುಟ್ಟಿ ನನ್ನ ಪಾಲು.

"ಏ, ನಿಲ್ಲು! ಎಡಕ್ಕ ವಾಲಾಕತ್ತೈತಿ!" ಎಂದು ಕಿರುಚಿ, ಕೊಡವನ್ನು ಅಲ್ಲೇ ಕುಕ್ಕಿ, ಹಿಂದಿನಿಂದ ಬುಟ್ಟಿಯ ಅಂಚು ಹಿಡಿದೆ.

"ಬಿಡಬ್ಯಾಡ್ರಿ ಅಕ್ಕಾ," ಎಂದಳು.

"ಬಿಡಾಂಗಿಲ್ಲ, ಸುಮ್ನ ಮುಂದ ನೋಡಿ ನಡಿ," ಎಂದು ಗದರಿದೆ. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು. ಆಚೆ ದಡ ಮುಟ್ಟುವವರೆಗೂ ಕೈ ಬಿಡಲಿಲ್ಲ.