ಹಡಗಿನ ಮೂರನೆಯ ಬಳೆ

"ಪ್ರಸಾದ ಸರ್ ಇಲ್ಲೇ ಇರತಾರೇನ್ರಿ ಕಾಕಾ?"

ಹುಡುಗಿ ಕೇಳಿದಾಗ ಉಳವಪ್ಪ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದ. ಗಿರಣಿಯ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ಸುರುಳಿಗಳನ್ನು ಬಿಗಿಯುತ್ತಿದ್ದ. ಗದ್ದದಿಂದಲೇ ಪಕ್ಕದ ಟೈಪಿಂಗ್ ಕ್ಲಾಸು ತೋರಿಸಿದ. ಬಾಗಿಲಿಗೆ ಬೀಗವಿತ್ತು. ದಾರ ಕಡಿದುಕೊಂಡು, ಮಾಸ್ತರರು ಊಟಕ್ಕೆ ಹೋಗಿದ್ದಾರೆ, ಅರ್ಧ ತಾಸಿನಲ್ಲಿ ಬರುತ್ತಾರೆ ಎಂದು ಸ್ಟೂಲು ಒರೆಸಿ ಕೊಟ್ಟ.

ಹುಡುಗಿಯ ಹೆಸರು ಸೌಂದರ್ಯಾ, ಇಂಜಿನಿಯರಿಂಗ್ ಓದುತ್ತಿದ್ದಳು. ಟೈಪಿಂಗ್ ಕಲಿಯಲು ಬಂದಿರಬೇಕೆಂದು ಉಳವಪ್ಪ ತಿಳಿದಿದ್ದ. ಅಲ್ಲವಂತೆ. ಟೀವಿಯಲ್ಲಿ ಬರುವ ಆ ಆಕಾಶದ ಹಡಗಿನ ಬಗ್ಗೆ ಪ್ರಸಾದ ಸರ್ ಹತ್ತಿರ ಒಂದು ಮಾತು ಕೇಳುವುದಿತ್ತಂತೆ.

ಉಳವಪ್ಪನ ಕೈ ಅಲ್ಲಿಗೇ ನಿಂತಿತು.

ಹುಬ್ಬಳ್ಳಿಯ ಈ ಗೋಪನಕೊಪ್ಪಕ್ಕೆ ಕೇಬಲ್ ಬಂದು ಆರು ವರ್ಷವಾಗಿತ್ತು. ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ಅವನು ಮಾಸ್ತರರ ಮನೆಯಲ್ಲಿ ಕೂತು ಆ ಇಂಗ್ಲಿಷ್ ಧಾರಾವಾಹಿ ನೋಡುತ್ತಿದ್ದ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಒಂದು ಹಡಗಿನ ಕಥೆ. ಮೊದಲನೆಯದು ಮುಗಿದು, ಅದೇ ಹಡಗಿನ ಎರಡನೆಯ ಧಾರಾವಾಹಿ ಸುರುವಾಗಿತ್ತು. ಅದರಲ್ಲಿ ಆಡಿದ ಮಾತನ್ನು ಮಾಸ್ತರರು ಕನ್ನಡದಲ್ಲಿ ಹೇಳುವರು. ಉಳವಪ್ಪನಿಗೆ ಮಾತಿನ ಹಂಬಲ ಅಷ್ಟಿರಲಿಲ್ಲ. ಅವನ ಕಣ್ಣೆಲ್ಲ ಹಡಗಿನ ಬಾಲದಲ್ಲಿದ್ದ ಮೂರು ಬಳೆಗಳ ಮೇಲೆ. ಹಡಗು ಬೆಳಕಿಗಿಂತ ಜೋರಾಗಿ ಹೊರಟಾಗ ಆ ಬಳೆಗಳಲ್ಲಿ ನೀಲಿ ಬೆಳಕು ಗರಗರ ಓಡುತ್ತಿತ್ತು, ಬಳೆ ಮಾತ್ರ ಅಲುಗುತ್ತಿರಲಿಲ್ಲ. ಮೋಟಾರಿನ ಹೊರಗಿನ ಸುರುಳಿಯೂ ಹಾಗೆಯೇ: ತಾನು ಕೂತಲ್ಲೇ ಕೂತು, ಒಳಗಿನದನ್ನು ತಿರುಗಿಸುತ್ತದೆ. ಮೂವತ್ತು ವರ್ಷ ಅದನ್ನೇ ಸುತ್ತಿದ ಕೈಗೆ ಇದು ಯಾರೂ ಹೇಳಿಕೊಡದೆ ತಿಳಿದಿತ್ತು.

"ಹಡಗು ಓಡಂಗಿಲ್ರಿ ಮಾಸ್ತರ," ಎಂದು ಎರಡು ವರ್ಷದ ಹಿಂದೆ ಒಂದು ರವಿವಾರ ಹೇಳಿದ್ದ. "ಅದು ನಿಂತಲ್ಲೇ ನಿಂತು ಸುತ್ತಲಿನ ಬಯಲನ್ನ ಹಿಂದಕ್ಕ ಸರಸತೈತಿ. ಅದಕ್ಕ, ಗಕ್ಕನ ನಿಂತ್ರೂ ಒಳಗಿನವ್ರು ಮುಗ್ಗರಸಂಗಿಲ್ಲ."

ಮಾಸ್ತರರು ಕುರ್ಚಿಯ ತುದಿಗೆ ಬಂದಿದ್ದರು. ಚಿತ್ರ ತೆಗೆದು ಕೊಡು ಎಂದರು. ಮುಂಬೈಯಲ್ಲಿ ಈ ಧಾರಾವಾಹಿಯ ಹುಚ್ಚು ಹಿಡಿದವರದೇ ಒಂದು ಸಂಘವಿದೆ, ಅವರು ತಿಂಗಳಿಗೊಂದು ಪತ್ರಿಕೆ ಅಚ್ಚು ಹಾಕಿ ಹಂಚುತ್ತಾರೆ, ಇಂಗ್ಲಿಷಿನಲ್ಲಿ ಬರೆದು ಕಳಿಸೋಣ ಎಂದರು. ಉಳವಪ್ಪ ಮೂರು ಸಂಜೆ ಕೂತು ತೆಗೆದುಕೊಟ್ಟ. ಎರಡು ತಿಂಗಳ ಮೇಲೆ ಉತ್ತರ ಬಂದಿತೆಂದು ಮಾಸ್ತರರು ಹೇಳಿದರು. ಪಂಪು ರಿಪೇರಿ ಮಾಡುವವನು ಆಕಾಶದ ಮಾತಾಡುತ್ತಾನೆಂದು ನಕ್ಕು ಬರೆದಿದ್ದರಂತೆ. ನಿನಗೆ ಬೇಸರವಾದೀತೆಂದು ಹರಿದು ಒಗೆದೆ ಎಂದರು. ಆಮೇಲೆಯೂ ಉಳವಪ್ಪ ರವಿವಾರ ತಪ್ಪಿಸಲಿಲ್ಲ. ಆದರೆ ನೋಡುತ್ತಿದ್ದ ಅಷ್ಟೇ, ಬಾಯಿ ಬಿಡುತ್ತಿರಲಿಲ್ಲ.

ಮೊನ್ನೆ ಗುರುವಾರ ಮಾಸ್ತರರು ತಾವಾಗಿ ಅಂಗಡಿಗೆ ಬಂದು, ಆ ಚಿತ್ರದಲ್ಲಿ ಮೂರನೆಯ ಬಳೆಯ ತಂತಿ ಯಾಕೆ ಉಲ್ಟಾ ಸುತ್ತಿದ್ದಿ ಎಂದು ಕೇಳಿದ್ದರು. ಎರಡು ವರ್ಷದ ಮಾತನ್ನು ಇವರು ಇನ್ನೂ ನೆನಪಿಟ್ಟಿದ್ದಾರಲ್ಲ ಎಂದು ಉಳವಪ್ಪನಿಗೆ ಎದೆ ತುಂಬಿ ಬಂತು. ರವಿವಾರ ಕೂತು ಹೇಳತೇನ್ರಿ ಎಂದಿದ್ದ. ಹೇಗೆ ಹೇಳಬೇಕೆಂದು ಅಂದಿನಿಂದ ಮನಸ್ಸಿನಲ್ಲೇ ಜೋಡಿಸುತ್ತಿದ್ದ.

ಈಗ ಸೌಂದರ್ಯಾ ಚೀಲದಿಂದ ತೆಳ್ಳನೆಯ ಪುಸ್ತಕಗಳನ್ನು ತೆಗೆದಳು. ಒಂದನ್ನು ಬಿಡಿಸಿ ಅವನ ತೊಡೆಯ ಮೇಲಿಟ್ಟು, ನೀವೂ ನೋಡ್ರಿ, ನಿಮ್ಮ ಕೆಲಸದ ಹಂಗೇ ಐತಿ ಎಂದಳು.

ಇಂಗ್ಲಿಷ್ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಚಿತ್ರ ಬಂತು. ಸುರುಳಿ ಸುರುವಾಗುವಲ್ಲಿ ಸಣ್ಣ ಸೊನ್ನೆ, ಮುಗಿಯುವಲ್ಲಿ ಕಾಗೆಕಾಲು. ಹಾಗೆ ಗುರುತು ಹಾಕುತ್ತಿದ್ದವರು ಹುಬ್ಬಳ್ಳಿಯಲ್ಲಿ ಇಬ್ಬರೇ. ಒಬ್ಬರು ಅವನಿಗೆ ಕೆಲಸ ಕಲಿಸಿದ ಉಸ್ತಾದರು, ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ಯಾರ ಹೆಸರ ಐತೆವ್ವಾ ಇದರಾಗ?"

"ಜಿ. ಪ್ರಸಾದ, ಹುಬ್ಬಳ್ಳಿ."

"ಮತ್ತ್ಯಾರದೂ ಇಲ್ಲ?"

"ಇಲ್ರಿ."

ಉಳವಪ್ಪ ಹಾಳೆಯ ಮೇಲೆ ಅಂಗೈ ಇಟ್ಟ.

"ಇದನ್ನ ಓದಿ ಮಂದಿ ನಕ್ರೇನು?"

"ನಗೂದ್ಯಾಕ್ರೀ ಕಾಕಾ?" ಹುಡುಗಿಗೆ ಆಶ್ಚರ್ಯವಾಯಿತು. ಇದರ ಮೇಲೆಯೇ ಮುಂಬೈ ಸಂಘದ ಈ ಪತ್ರಿಕೆಯಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ ಎಂದು ಹೇಳಿದಳು. ಹಡಗು ನಿಂತಾಗ ಒಳಗಿನವರು ಯಾಕೆ ಬೀಳುವುದಿಲ್ಲ ಎನ್ನುವುದಕ್ಕೆ ಇಷ್ಟು ಚೊಕ್ಕ ಉತ್ತರ ಇನ್ನೊಂದು ಬಂದಿಲ್ಲವಂತೆ. ಮೂರನೆಯ ಬಳೆ ಮಾತ್ರ ಯಾರಿಗೂ ಬಗೆಹರಿದಿಲ್ಲ. ಪುಣೆಯವರೊಬ್ಬರು ಅದು ಅಚ್ಚಿನ ತಪ್ಪು ಎಂದರು. ತಪ್ಪಲ್ಲ, ಕಾರಣ ಬರೆಯುತ್ತೇನೆ ಎಂದು ಪ್ರಸಾದ ಸರ್ ಮಾತು ಕೊಟ್ಟರು. ಎರಡು ಸಂಚಿಕೆ ಬಂದು ಹೋದವು, ಕಾರಣ ಬರಲಿಲ್ಲ. ಇದೇ ಊರಿನವರಲ್ಲವೇ ಎಂದು ಹುಡುಕಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಮಾಸ್ತರರು ಎಲೆ ಅಡಿಕೆ ಮೆಲ್ಲುತ್ತ ಬಂದರು. ಉಳವಪ್ಪನ ತೊಡೆಯ ಮೇಲಿದ್ದುದನ್ನು ಕಂಡು ಮೆಲ್ಲುವುದು ನಿಂತಿತು. ಹುಡುಗಿ ಎದ್ದು ನಿಂತು, ಬಹಳ ದಿನದಿಂದ ಕಾಣಬೇಕೆಂದಿದ್ದೆ ಸರ್ ಎಂದು ತನ್ನ ಪ್ರಶ್ನೆ ಕೇಳಿದಳು. ಅದು ಆಳದ ವಿಷಯ, ನಿಂತ ಕಾಲಿನಲ್ಲಿ ಹೇಳುವಂಥದ್ದಲ್ಲ, ಮುಂದಿನ ಸಲ ವಿವರವಾಗಿ ಬರೆಯುತ್ತೇನೆ ಎಂದರು ಮಾಸ್ತರರು. ಅವಳ ಕಣ್ಣು ಚಿತ್ರದಿಂದ ಉಳವಪ್ಪನ ಮುಂದಿದ್ದ ತಂತಿಗೆ ಹೋದದ್ದನ್ನು ನೋಡಿ, ನಕ್ಕರು.

"ಚಿತ್ರ ಇಂವಂದ. ನಾ ಹೇಳಿದಂಗ ತಗದು ಕೊಟ್ಟಾನ. ಕೈ ಛಲೋ ಐತಿ."

ಸೌಂದರ್ಯಾ ಏನೋ ಕೇಳುವವಳಂತೆ ಉಳವಪ್ಪನ ಮುಖ ನೋಡಿದಳು. ಅವನು ಪುಸ್ತಕ ಮಡಚಿ ಅವಳ ಕೈಗೆ ಕೊಟ್ಟ, ಬಸ್ಸು ಹಿಡಿಯಲು ಹತ್ತಿರದ ದಾರಿ ಯಾವುದೆಂದು ಹೇಳಿದ. ಅವಳು ಹೋದಳು.

ಮಾಸ್ತರರು ಹೊರಗೆ ಉಗಿದು ಬಂದು, ಸ್ಟೂಲಿನ ಮೇಲೆ ಕೂರದೆ ಬಾಗಿಲಿಗೆ ಆತು ನಿಂತರು.

"ನಿನ್ನ ಹೆಸರ ಇದ್ದಿದ್ರ ಯಾರ ಓದತಿದ್ರೋ ಮಾರಾಯಾ? ನೀ ಓದಿದ್ದು ನಾಕನೇ ಇಯತ್ತೆ. ಇಂಗ್ಲಿಷ ನಂದು. ನಾ ಬರೀದಿದ್ರ ಇಲ್ಲೇ ಕೊಳೀತಿತ್ತು ಅದು."

"ಹೆಸರಿನ ಮಾತಲ್ರಿ ಮಾಸ್ತರ." ಉಳವಪ್ಪ ತಲೆ ಎತ್ತಲಿಲ್ಲ. "ನಕ್ರು ಅಂತ ಯಾಕ ಹೇಳಿದ್ರಿ?"

ಮಾಸ್ತರರು ಕೀಲಿಕೈ ಗೊಂಚಲನ್ನು ಬೆರಳಿನಿಂದ ಬೆರಳಿಗೆ ದಾಟಿಸಿದರು. ದನಿ ತಗ್ಗಿಸಿ, "ಆತು, ಆಗಿದ್ದಾತು. ಮುಂದಿನ ಸಂಚಿಕ್ಯಾಗ ನಿಂದೂ ಹೆಸರ ಹಾಕಸತೇನಿ. ಮೂರನೇದು ಉಲ್ಟಾ ಯಾಕ, ಅಷ್ಟ ಹೇಳು," ಎಂದರು.

ಹೇಳಲು ಒಂದು ಉಸಿರು ಸಾಕಿತ್ತು. ಹಡಗು ನಿಲ್ಲುವ ಮುಂಚೆ ಮೂರನೆಯ ಬಳೆ ಒಂದೇ ಹೊತ್ತಿಕೊಳ್ಳುತ್ತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಅದು ತಪ್ಪಿರಲಿಲ್ಲ. ಓಡುತ್ತಿರುವ ಮೋಟಾರಿನ ಎರಡು ವಾಯರು ಅದಲು ಬದಲು ಮಾಡಿದರೆ ಅದು ಉಲ್ಟಾ ತಿರುಗಲು ಹೋಗಿ ಥಟ್ಟನೆ ನಿಲ್ಲುತ್ತದೆ. ಹಾಗೆಯೇ ಉಲ್ಟಾ ಸುತ್ತಿದ ಆ ಬಳೆ ಇರುವುದು ಓಡಲಿಕ್ಕಲ್ಲ, ನಿಲ್ಲಲಿಕ್ಕೆ.

ಹತ್ತು ವರ್ಷದ ಹಿಂದೆ ಸುತ್ತಿದ ಮೋಟಾರು ತಿರುಗಿ ಬಂದರೆ ಬಿಚ್ಚದೆಯೇ ಅದರ ಸುತ್ತು ಎಷ್ಟೆಂದು ಹೇಳುವ ಮನುಷ್ಯ ಅವನು. ಅದು ಮಾಸ್ತರರಿಗೂ ಗೊತ್ತಿತ್ತು.

"ಮರತೇನ್ರಿ," ಎಂದ ಉಳವಪ್ಪ.

ರವಿವಾರ ಅವನು ಅಂಗಡಿ ತೆಗೆದ. ಸುಳ್ಳ ಗ್ರಾಮದ ಕುಬೇರಪ್ಪ ತನ್ನ ಪಂಪಿನ ಮೋಟಾರು ಒಯ್ಯಲು ಚಕ್ಕಡಿ ತಂದಿದ್ದ. ಬಾ ಎಂದು ಹೇಳಿ ಕಳಿಸಿದಾಗ ಇವತ್ತು ಅಂಗಡಿ ತೆಗೆಯುತ್ತೀರೆಂದು ನಂಬಿರಲೇ ಇಲ್ಲ, ನಿಮ್ಮದು ಟೀವಿ ವಾರವಲ್ಲವೇ ಎಂದು ನಕ್ಕ. ಹತ್ತು ಗಂಟೆಗೆ ಮೂರು ಮನೆಯಾಚೆಯಿಂದ ಧಾರಾವಾಹಿಯ ಮೊದಲ ಸಂಗೀತ ಕೇಳಿಸಿತು. ಮಾಸ್ತರರ ಮನೆಯ ಕಿಟಕಿ ತೆರೆದಿತ್ತು, ಎಂದಿಗಿಂತ ಜೋರಾಗಿ ಹಚ್ಚಿದ್ದರು.

ಉಳವಪ್ಪ ಸ್ಟಾರ್ಟರ್ ಒತ್ತಿದ. ಮೋಟಾರು ಒಂದೇ ಏಟಿಗೆ ಎದ್ದು, ಅಂಗಡಿಯ ತಗಡೆಲ್ಲ ಸಣ್ಣಗೆ ನಡುಗತೊಡಗಿತು, ಧಾರಾವಾಹಿಯ ಸಂಗೀತ ಆ ಸದ್ದಿನಲ್ಲಿ ಮುಳುಗಿತು. ಎರಡು ನಿಮಿಷ ನೋಡಿ ಬಂದ್ ಮಾಡುವುದು ರೂಢಿ. ಐದಾಯಿತು, ಹತ್ತಾಯಿತು.

"ಸಾಕಲ್ರಿ," ಎಂದು ಕುಬೇರಪ್ಪ ಕಿವಿಯ ಹತ್ತಿರ ಬಂದು ಹೇಳಿದ. "ಛಲೋ ನಡದೈತಿ."

ಇನ್ನೊಂದಿಷ್ಟು ಬಿಸಿಯಾಗಲಿ ಎಂದು ಕೈಸನ್ನೆ ಮಾಡಿ, ಉಳವಪ್ಪ ಮೋಟಾರಿನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದ.