ಕೆರೆ ದಡದ ಮೃಗದ ನಿದ್ದೆ

ರಬ್ಬರಿನ ಮೃಗದೊಳಗೆ ನಿಂತರೆ ಲೋಕ ಕಾಣುವುದು ಅದರ ಕುತ್ತಿಗೆಯ ಸಣ್ಣ ತೂತುಗಳಿಂದ ಮಾತ್ರ. ಹ್ಯೂಸ್ಟನ್ನಿನ ಕನ್ನಡ ಸಂಘದ ಸಭಾಂಗಣದಲ್ಲಿ, ಪರದೆಯ ಪಕ್ಕದ ಕತ್ತಲಲ್ಲಿ, ಆಟ ಮುಗಿದ ಮೇಲೆ ವೇದಿಕೆಗೆ ಬರಲೆಂದು ಮೃಗದ ವೇಷ ತೊಟ್ಟು ನಿಂತಿದ್ದ ನಿವೇದಿತಾ ತಾನೇ ನಟಿಸಿದ ಸಿನಿಮಾವನ್ನು ಮೊದಲ ಸಲ ನೋಡಿದ್ದು ಆ ತೂತುಗಳಿಂದಲೇ.

ಹಳೆಯ ಜಪಾನಿ ದೈತ್ಯಮೃಗದ ಸಿನಿಮಾಗಳ ಹಾಗೆಯೇ ಮಾಡಬೇಕೆಂಬುದು ಅವಳದೂ ಗೆಳೆಯ ಸಂಗಮೇಶನದೂ ಹಠ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ಲಿನ ಗ್ಯಾರೇಜಿನಲ್ಲಿ ರಟ್ಟಿನ ಆಸ್ಟಿನ್ ನಗರ ಎದ್ದು ನಿಂತಿತು. ಮೃಗದೊಳಗೆ ಇವಳು, ಕ್ಯಾಮೆರಾ ಹಿಂದೆ ಅವನು. ತೆಗೆದದ್ದನ್ನು ನಿಧಾನಕ್ಕೆ ಓಡಿಸಿದರೆ ಇವಳ ಒಂದೊಂದು ಹೆಜ್ಜೆಗೂ ಬೆಟ್ಟದ ಭಾರ ಬರುತ್ತಿತ್ತು.

ಮೃಗ ಮಾತ್ರ ಜಪಾನಿನದಲ್ಲ, ನಿವೇದಿತಾಳ ಅಜ್ಜಿ ಗುರವ್ವಜ್ಜಿ ಹೇಳುತ್ತಿದ್ದ ಕತೆಯದು. ಕಳೆದುಹೋದ ಮರಿಯನ್ನು ಹುಡುಕುತ್ತ, ಒಂದು ಮನೆಯನ್ನೂ ತುಳಿಯದೆ ಊರು ಸುತ್ತಿ, ಕೊನೆಗೆ ಕೆರೆಯ ದಡದಲ್ಲಿ ಮಲಗುವ ಮೃಗ. ಅಜ್ಜಿ ಅದನ್ನು ಎಂದೂ ಸಾಯಿಸಿದವಳಲ್ಲ. "ಇವತ್ತ ಸತ್ರ ನಾಳೆ ಕತಿಗೆ ಯಾರ ಬರತಾರ?" ಅನ್ನುತ್ತಿದ್ದಳು. ಅವಳು ಬಡಿದ ರೊಟ್ಟಿ ಮುರಿಯುತ್ತ ಸಂಗಮೇಶ ಮಾತು ಕೊಟ್ಟಿದ್ದ: "ಸಾಯಸಂಗಿಲ್ಲ ಬಿಡಬೇ ಅಜ್ಜಿ, ನನ್ನಾಣಿ."

ಕೊನೆಯ ದೃಶ್ಯದ ದಿನ ಅವನು ಹೇಳಿದ್ದೂ ಅಷ್ಟೇ: "ಮಲ್ಕೊ ನಿವಿ. ಕಣ್ಣು ನಿಧಾನಕ್ಕ ಮುಚ್ಚು." ರೆಪ್ಪೆಯ ದಾರವನ್ನು ಒಳಗಿಂದ ಎಳೆಯುವಾಗ ಅವಳಿಗೆ ಅಜ್ಜಿಯ ತೊಡೆಯ ಬಿಸುಪು ನೆನಪಾಗಿತ್ತು.

ಈಗ ಪರದೆಯ ಮೇಲೆ ಅದೇ ಮೃಗ ಮಲಗಿತು. ಎದೆಗೆ ರಾಕೆಟ್ಟುಗಳು ಬಂದು ಬಡಿದವು. ಬೆಂಕಿ, ಹೊಗೆ, ರಕ್ತ ಎಲ್ಲವನ್ನೂ ಅವನು ಅವಳಿಗೆ ಹೇಳದೆ ಕಂಪ್ಯೂಟರಿನಲ್ಲಿ ಸೇರಿಸಿದ್ದ. ಅವಳ ನಿದ್ದೆಯನ್ನು ಸಾವು ಮಾಡಿದ್ದ. ಜನ ಸಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸಂಗ್ಯಾ, ಏನ್ ಮಾಡಿದ್ಯೋ ಇದು?" ರಬ್ಬರಿನೊಳಗಿಂದ ನಿವೇದಿತಾ ಕೇಳಿದಳು.

"ಸತ್ರನ ಚಪ್ಪಾಳಿ, ಹುಚ್ಚಿ," ಪಕ್ಕದಲ್ಲೇ ಇದ್ದ ಸಂಗಮೇಶ ನಕ್ಕ. "ಮೊದ್ಲ ಹೇಳಿದ್ರ ನೀ ಅಷ್ಟ ಚಂದ ಮಲಗ್ತಿದ್ದಿಲ್ಲ."

ದೀಪಗಳು ಹತ್ತಿದವು. ಅವನು ಮೈಕು ಹಿಡಿದು ವೇದಿಕೆಗೆ ಓಡಿದ. "ಈಗ ನಿಮ್ಮ ಮುಂದನ ಸಾಯ್ತದ ನೋಡ್ರಿ! ಬಾ ನಿವಿ, ಬೀಳು!"

ಮೃಗ ಬಂದಿತು, ಬೀಳಲಿಲ್ಲ. ವೇದಿಕೆ ಇಳಿಯಿತು. ರಟ್ಟಿನ ಮನೆಗಳ ನಡುವೆ ನಡೆದ ಹಾಗೆಯೇ ಮೈ ಓರೆ ಮಾಡಿಕೊಂಡು, ಯಾರ ಮೊಣಕಾಲಿಗೂ ಬಾಲ ತಾಗದಂತೆ ಕುರ್ಚಿಗಳ ಮುಂದೆ ಹಾದುಹೋಯಿತು. "ಏ, ಆ ಕಡೆ ಅಲ್ಲ!" ಸಂಗಮೇಶ ಕೂಗಿದ. ಅದೂ ಆಟವೆಂದು ಜನ ನಕ್ಕರು.

ಗುರವ್ವಜ್ಜಿಯ ಮುಂದೆ ಅದು ಬಗ್ಗಿತು. ಅಜ್ಜಿ ರಬ್ಬರಿನ ಮೂತಿಯನ್ನು ಮೆಲ್ಲಗೆ ಸವರಿದಳು.

"ಎದ್ದಿಯೇನವಾ? ನಡಿ, ಮನಿಗೆ ಹೋಗೂಣು."

ಇಬ್ಬರೂ ಬಾಗಿಲು ದಾಟುವವರೆಗೂ ಹಿಂದಿನಿಂದ ಸಂಗಮೇಶನ ದನಿ ಕೇಳುತ್ತಲೇ ಇತ್ತು: "ಬೀಳು ನಿವಿ, ಬೀಳು!"