ಹನುಮೇಶಣ್ಣನ ಸಿನಿಮಾದಲ್ಲಿ ನನ್ನ ಬೆನ್ನು

ಸಿನಿಮಾದ ಬಗ್ಗೆ ನಾನು ಬರೆಯುವುದು ಅಧಿಕಪ್ರಸಂಗವೇ. ಚಿತ್ರದುರ್ಗದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವನು ನಾನು, ಹೆಸರು ಫಾಜಿಲ್. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಅರ್ಧ ನಿದ್ದೆಯಲ್ಲಿ. ತಿಳಿದವರು ಕ್ಷಮಿಸಬೇಕು. ಈ ವಿಷಯದಲ್ಲಿ ನನ್ನ ಬೆನ್ನೂ ಸೇರಿರುವುದರಿಂದ ಹೇಳುತ್ತಿದ್ದೇನೆ.

ನಿರ್ದೇಶಕ ಹನುಮೇಶಣ್ಣ ಧರ್ಮಪುರದ ಕಡೆಯವರು, ಕುರಿ ಸಾಕುವ ಮನೆತನ. ಅವರ ಮೊದಲ ಸಿನಿಮಾಕ್ಕೆ ಬಟ್ಟೆ ಹೊಲಿಯಲು ಹೋಗಿದ್ದೆ. ಯಾರೋ ನಟ ಬರಲಿಲ್ಲವೆಂದು ನನ್ನನ್ನೇ ಕೂರಿಸಿದರು. ಮಗಳು ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಾಳೆ, ಅಪ್ಪ ಸುಮ್ಮನೆ ಕೇಳಬೇಕು, ಅಷ್ಟೇ. ಕ್ಯಾಮೆರಾ ಕಂಡದ್ದೇ ನನ್ನ ತುಟಿ ನಡುಗತೊಡಗಿತು. ಬೈಯುತ್ತಾರೆ ಅಂದುಕೊಂಡೆ. "ಆ ಕಡೆ ತಿರುಗಿ ಕುಂತ್ಕಳಪ್ಪ, ಗೋಡೆ ನೋಡು" ಅಂದರು.

ಆ ಬೆನ್ನನ್ನು ಜನ ಮೆಚ್ಚಿದರು. ಪತ್ರಿಕೆಯವರು ಅದನ್ನು ಹನುಮೇಶ್ ಶೈಲಿ ಎಂದು ಕರೆದರು. ಆಮೇಲಿನ ಪ್ರತಿ ಸಿನಿಮಾದಲ್ಲೂ ಯಾರೋ ಒಬ್ಬರು ಎದೆಯೊಳಗಿನ ಮಾತು ಹೇಳುತ್ತಾರೆ, ಇನ್ನೊಬ್ಬ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿರುತ್ತಾನೆ. ಆ ಇನ್ನೊಬ್ಬ ನಾನು. ಮನೆಯವಳು ಹುಮೇರಾ ಇಂದಿಗೂ ಹನುಮೇಶಣ್ಣನನ್ನೂ ಸೇರಿಸಿಯೇ ದುವಾ ಮಾಡುತ್ತಾಳೆ.

ಹೋದ ಸಲದ ಸಿನಿಮಾವನ್ನು ನಮ್ಮೂರಿನ ಥಿಯೇಟರಿನಲ್ಲೇ ನೋಡಿದೆ. ಬೆನ್ನು ಬಂದ ಕೂಡಲೇ ಮುಂದಿನ ಸಾಲಿನ ಕಾಲೇಜು ಮಕ್ಕಳು ನಕ್ಕರು.

"ಬಂತಪ್ಪ ಬೆನ್ನು" ಎಂದನೊಬ್ಬ.

"ಲೇ, ಈ ಯಜಮಾನಂಗೆ ಮುಖ ಐತೋ ಇಲ್ವೋ?" ಎಂದಳು ಪಕ್ಕದವಳು.

ಕತ್ತಲಲ್ಲಿ ನನಗೂ ನಗು ಬಂತು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಹನುಮೇಶಣ್ಣನದೊಂದು ಪದ್ಧತಿ. ಸಿನಿಮಾ ಪೂರ್ತಿಯಾಗುವ ಮೊದಲು ಹಿರಿಯೂರಿನಲ್ಲಿ ತಮ್ಮ ಮಾವನ ಶೇಂಗಾ ಗೋದಾಮಿನಲ್ಲಿ ಪರದೆ ಕಟ್ಟಿ, ಕೆಲಸ ಮಾಡಿದವರಿಗೆಲ್ಲ ತೋರಿಸುತ್ತಾರೆ. ತಾವು ಎಲ್ಲರಿಗಿಂತ ಮುಂದೆ ಕಂಬಳಿ ಹಾಸಿಕೊಂಡು ಕೂರುತ್ತಾರೆ. ಮುಗಿದ ಮೇಲೂ ತಿರುಗುವುದಿಲ್ಲ. ನಮಗೆ ಅನಿಸಿದ್ದನ್ನು ಅವರ ಬೆನ್ನಿಗೆ ಹೇಳಬೇಕು. ಮುಖ ನೋಡಿದರೆ ಜನ ನಿಜ ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಈ ಸಲದ ಸಿನಿಮಾ ಹೊಸದುರ್ಗದ ಒಂದು ಮನೆಯಲ್ಲಿ ತೆಗೆದದ್ದು. ಮುನಿಸಿಕೊಂಡು ಹೋಗಿದ್ದ ತಂಗಿ ವಾಪಸು ಬಂದು ಅಳುತ್ತಾಳೆ. ಅಣ್ಣನಾದ ನಾನು ಗೋಡೆ ನೋಡುತ್ತ ಕೂತಿರುತ್ತೇನೆ.

ಲೈಟು ಹತ್ತಿದ ಮೇಲೆ ಮೊದಲು ಮಾತಾಡಿದ್ದು ಅವರ ಎಲ್ಲ ಸಿನಿಮಾಗಳಲ್ಲೂ ತಾಯಿಯಾಗುವ ಓಬಕ್ಕ. "ಚೆನ್ನಾಗೈತೆ ಕಣೋ ಹನುಮ. ಕುರ್ಚಿ ಗಟ್ಟಿಯಾಗಿತ್ತೋ, ನಿನ್ ಸಿನಿಮಾ ಉದ್ದಾಗಿತ್ತೋ, ಸೊಂಟ ಮಾತ್ರ ಹಿಡ್ಕಂತು."

ಎಲ್ಲರೂ ನಕ್ಕರು. ಹನುಮೇಶಣ್ಣ ತಿರುಗದೆ ಕೇಳಿದರು, "ಫಾಜಿಲ್, ನೀನು?"

ಚೆನ್ನಾಗಿದೆ ಎಂದರೆ, ನನ್ನನ್ನು ನಾಲ್ಕು ಜನ ಗುರುತಿಸುವಂತೆ ಮಾಡಿದವರಿಗೆ ಸುಳ್ಳು ಹೇಳಿದಂತೆ. ಈ ಬೆನ್ನು ಹಳಸಿದೆ ಎಂದರೆ ಅವರ ಮನಸ್ಸು ನೋಯಿಸಿದಂತೆ, ಅಲ್ಲಿಗೆ ನನ್ನ ಪಾತ್ರವೂ ಮುಗಿದಂತೆ.

"ಅಣ್ಣ, ತಂಗಿ ಅಳೋವಾಗ ನಾನು ಯಾರದೋ ಬ್ಲೌಸಿಗೆ ಹುಕ್ ಹಾಕೋದ್ ನೆನೆಸ್ಕಂತಿದ್ದೆ. ನೀವು ಓಕೆ ಅಂದ್ರಿ."

ಹನುಮೇಶಣ್ಣ ಕೂತಲ್ಲೇ ಕಂಬಳಿಯ ಅಂಚು ಸರಿಮಾಡಿಕೊಂಡರು.

"ಮೊದಲ್ನೇ ಸಿನಿಮಾದಾಗ ಏನ್ ನೆನೆಸ್ಕಂತಿದ್ದೆ?"

"ಏನಿಲ್ಲಣ್ಣ. ಹೆದ್ರಿಕೊಂಡಿದ್ದೆ. ಅದು ಬೆನ್ನಾಗೆ ಕಾಣ್ತಿತ್ತು. ಈಗ ಗೋಡೆ ನೋಡಾದು ರೂಢಿ ಆಗೈತೆ."

"ನಂಗೂ ರೂಢಿ ಆಗೈತೆ ಅಂತೀಯ."

ನಾನು ಓಬಕ್ಕನ ಕಡೆ ನೋಡಿದೆ. "ಹೇಳಪ್ಪ, ಬೆನ್ನಿಗೆ ತಾನೆ ಹೇಳಾದು" ಎಂದಳು ಓಬಕ್ಕ.

"ಹೂಂ ಅಣ್ಣ" ಅಂದೆ.

ಆಗ ಅವರು ತಿರುಗಿದರು. ಆ ಗೋದಾಮಿನಲ್ಲಿ ಅವರು ಹಾಗೆ ತಿರುಗಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಈಗ ಹೆದ್ರಿಕೆ ಆಗ್ತೈತಾ?"

"ಬಾಳ ಆಗ್ತೈತಣ್ಣ."

"ಹಂಗಾದ್ರೆ ನಾಳೆ ಹೊಸದುರ್ಗಕ್ಕೆ ಹೋಗಾಣ. ದಾರಿಯಾಗೆ ಧೈರ್ಯ ಗೀರ್ಯ ತಂದ್ಕಬ್ಯಾಡ."

ಮರುದಿನ ಅದೇ ಮನೆ, ಅದೇ ತಂಗಿ. ನನ್ನೆದುರು ಗೋಡೆಯ ಬದಲು ಕ್ಯಾಮೆರಾ ಇತ್ತು. ಎಲ್ಲಿ ನೋಡಬೇಕೋ ತಿಳಿಯದೆ ತಂಗಿಯ ಕೈ ನೋಡಿದೆ. ತುಟಿ ನಡುಗಿತು, ತಡೆಯಲು ಆಗಲಿಲ್ಲ. ಹನುಮೇಶಣ್ಣ ಕಟ್ ಎನ್ನಲೇ ಇಲ್ಲ. ಆಕೆ ಅತ್ತು ಮುಗಿಸಿ ಕಣ್ಣೊರೆಸಿಕೊಂಡ ಮೇಲೂ ಕ್ಯಾಮೆರಾ ಓಡುತ್ತಿತ್ತು.

ಆಮೇಲೆ ಅವರೇ ಟೀ ತಂದು ಕೊಟ್ಟು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು. "ನಂಗೂ ಹೆದ್ರಿಕೆ ಆತು ಕಣಪ್ಪ. ಹಿಂಗಾಗಿ ಬಾಳ ದಿನ ಆಗಿತ್ತು" ಅಂದರು.

ಅಂಥ ಮಾತಾಡಿದವನನ್ನು ಮನೆಗೆ ಕಳಿಸಬಹುದಿತ್ತು. ಅವರು ಪಕ್ಕದಲ್ಲಿ ಕೂತು ಟೀ ಕುಡಿದರು. ಇದನ್ನು ನಾನು ಬದುಕಿರುವ ತನಕ ನೆನೆಯುತ್ತೇನೆ.

ಸಿನಿಮಾ ಇನ್ನೂ ಬಿಡುಗಡೆಯಾಗಿಲ್ಲ. ಎಡಿಟಿಂಗ್ ಮಾಡುವ ಮೋನಿಕಾ ಮೇಡಂ ಹಳೆಯ ಶಾಟ್, ಹೊಸ ಶಾಟ್ ಎರಡನ್ನೂ ಇಟ್ಟುಕೊಂಡಿದ್ದಾರಂತೆ. ಕೊನೆಗೆ ಯಾವುದು ಉಳಿಯುತ್ತದೋ, ನಾನು ಹೇಳಿದ್ದರಿಂದ ಸಿನಿಮಾಕ್ಕೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ನನಗೆ ಗೊತ್ತಿಲ್ಲ.